ಹದಿನೆಂಟು ಕ್ಯಾಸೆಟ್‌ಗಳು

ಅತಿಥಿ ಉಪನ್ಯಾಸಕಿ ವಾರಿಜಾಕ್ಷಿ ಮಂಗಳೂರಿನ ಕೇಬಲ್ ಚಾನೆಲ್ ಒಂದರ ತುಳು ಹಾಸ್ಯ ಕಾರ್ಯಕ್ರಮದ ಮೇಲೆ ಹನ್ನೊಂದು ವರ್ಷ ಸಂಶೋಧನೆ ನಡೆಸಿದ್ದರು. ವೀಕ್ಷಕರ ನೆನಪು ಸಾಲದು, ಮೂಲ ಸಂಚಿಕೆಗಳು ಬೇಕು ಎಂದು ಪರೀಕ್ಷಕರು ಪ್ರಬಂಧವನ್ನು ಹಿಂದಿರುಗಿಸಿದ್ದರು. ಪಿಎಚ್‌ಡಿ ಇಲ್ಲದೆ ಕಾಲೇಜಿನಲ್ಲಿ ಕೆಲಸ ಉಳಿಯುತ್ತಿರಲಿಲ್ಲ.

ಮುಚ್ಚಿಹೋದ ಆ ಚಾನೆಲ್ಲನ್ನು ನಡೆಸಿದ್ದ ಸಲಾಂ, ಬಿಜೈ ಬಡಾವಣೆಯ ತಮ್ಮ ಮನೆಯಲ್ಲಿ ಹದಿನೆಂಟು ಕ್ಯಾಸೆಟ್ ತೆಗೆದಿಟ್ಟರು. ಎಲ್ಲದರ ಮೇಲೂ ಕಾರ್ಯಕ್ರಮದ ಹೆಸರಿತ್ತು. ಹಾಕಿ ನೋಡಿದರೆ ಎಲ್ಲದರಲ್ಲೂ ಯಾರದೋ ಮದುವೆ.

“ಪ್ರಸಾರ ಆದ ಮೇಲೆ ಅದರಲ್ಲೇ ಮದುವೆ ಶೂಟಿಂಗ್ ಮಾಡ್ತಿದ್ದೆವು ಮೇಡಂ.”

“ಒಂದಾದರೂ ಉಳಿದಿಲ್ಲವಾ ಸಲಾಂ ಭಾಯ್?”

“ಇಲ್ಲ. ಕಾಮಿಡಿಯನ್ನು ಕಾಲೇಜಿನವರು ಹುಡುಕಿಕೊಂಡು ಬರ್ತಾರೆ ಅಂತ ನಮಗೆ ಎಂತ ಗೊತ್ತು?”

ವಾರಿಜಾಕ್ಷಿ ಕೊನೆಯ ಕ್ಯಾಸೆಟ್ಟನ್ನು ಪೂರ್ತಿ ನೋಡಿದರು. ಬಳಿಕ ಮಾರ್ಗದರ್ಶಕರಿಗೆ ಫೋನ್ ಮಾಡಿ, ಪಿಎಚ್‌ಡಿ ನೋಂದಣಿ ರದ್ದುಪಡಿಸಲು ಅರ್ಜಿ ಯಾರಿಗೆ ಬರೆಯಬೇಕು ಎಂದು ಕೇಳಿದರು.