ಒಂದಕ್ಕೆ ಹತ್ತು

"ಒಂದಕ್ಕೆ ಹತ್ತು ಅಂದ್ರೆ ಏನು ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಿನ್ನ ತಲೇಲಿ ಏನು ಹತ್ತಿ ತುಂಬಿದ್ಯಾ?"

"ನೀವು ಬರೆದಿದ್ದೇ ಅಷ್ಟು, ಭಾವ."

"ಇಲ್ಲಿ ಭಾವ ಅನ್ಬೇಡ ಅಂತ ಎಷ್ಟು ಸಲ ಹೇಳ್ಬೇಕು?"

ಎಣ್ಣೆಬಾವಿಯ ಕಲ್ಲುಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯಕ್ಕೆ ಅವನೇ ಮುಖ್ಯಸ್ಥ. ಅವಳ ಅಕ್ಕನ ಗಂಡ, ಹನ್ನೊಂದು ವರ್ಷದ ಹಿಂದೆ ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನೂ ಅವನೇ. ಚೀಟಿಯಲ್ಲಿ 'ಉಪ್ಪುನೀರು, ಒಂದಕ್ಕೆ ಹತ್ತು' ಎಂದಷ್ಟೇ ಗೀಚಿದ್ದ. ಒಂದು ಲೀಟರಿಗೆ ಹತ್ತು ಚಮಚ ಉಪ್ಪು ಎಂಬುದು ಅವನ ಲೆಕ್ಕ. ಬಾವಿಯ ತಳದ ನೀರು ಅಷ್ಟು ಉಪ್ಪು. ಅವಳು ಕ್ಯಾನಿನಲ್ಲಿ ಮೊದಲೇ ಮಾಡಿಟ್ಟಿದ್ದ ಉಪ್ಪುನೀರು ಒಂದು ಪಾಲಿಗೆ ಬರೀ ನೀರು ಹತ್ತು ಪಾಲು ಬೆರೆಸಿದ್ದಳು. ಆರು ವಾರ ಬಿಸಿ ಎಣ್ಣೆಯಲ್ಲಿ ನೆನೆದ ಕಲ್ಲು ಬೆಳಗ್ಗೆಯಿಂದ ಗಾಜಿನ ಜಾಡಿಯಲ್ಲಿ, ಆ ಸಪ್ಪೆ ನೀರಿನ ತಳದಲ್ಲಿ ಕೂತಿತ್ತು.

"ನಾಳೆಯಿಂದ ಈ ಮೇಜಿನ ಹತ್ರ ಸುಳೀಬೇಡ. ಬಾಟಲಿ ತೊಳ್ಕೊಂಡಿರು."

"ತೊಳೀತೀನಿ. ಮೊದಲು ಕಲ್ಲು ನೋಡಿ."

"ನೋಡೋದೇನು, ಮಣ್ಣು."

ಆದರೂ ಬಗ್ಗಿದ. ಬಗ್ಗಿದವನು ಏಳಲಿಲ್ಲ.

ಕಲ್ಲಿನ ಮೈಗೆ ಬಳಿದಂತೆ ಅಂಟಿದ್ದ ಕಪ್ಪು ಎಣ್ಣೆ ಅಂಚಿನಿಂದ ಹಿಂದಕ್ಕೆ ಸರಿಯುತ್ತಿತ್ತು. ಯಾರೂ ಮುಟ್ಟಿರಲಿಲ್ಲ, ಅಲುಗಾಡಿಸಿರಲಿಲ್ಲ. ಸರಿದ ಜಾಗದಲ್ಲಿ ಕಲ್ಲು ತನ್ನ ಬೂದು ಬಣ್ಣ ತೋರಿಸಿತು. ಎಣ್ಣೆ ಮುದುರಿ ಮಣಿಯಾಯಿತು. ಮಣಿಯ ಕುತ್ತಿಗೆ ಸಣ್ಣಗಾಯಿತು, ಕೂದಲೆಳೆಯಾಯಿತು. ಬಿಟ್ಟುಕೊಂಡು ಮೇಲೆದ್ದಿತು. ಅದರ ಪಕ್ಕದಲ್ಲೇ ಇನ್ನೊಂದು. ಈ ಕಲ್ಲು ಎಣ್ಣೆ ಬಿಡುವುದಿಲ್ಲ ಎಂದು ಅವನು ಸಹಿ ಹಾಕಿದ ವರದಿಗಳು ಬೀರುವಿನಲ್ಲಿ ಒಂದು ಸಾಲು ತುಂಬ ಇದ್ದವು.

"ಕಲ್ಲಿಗೂ ಎಣ್ಣೆಗೂ ಮೈಮೇಲೆ ಒಂದೇ ಥರ ವಿದ್ಯುತ್ತು," ಅವನ ದನಿ ಇಳಿದಿತ್ತು. "ಹತ್ರ ಬಂದ್ರೆ ಒಂದನ್ನೊಂದು ತಳ್ಳಬೇಕು. ಉಪ್ಪು ಜಾಸ್ತಿ ಇದ್ರೆ ಆ ತಳ್ಳಾಟ ಅಡಗಿಹೋಗತ್ತೆ. ಅದರ ಮೇಲೆ ಉಪ್ಪುನೀರಲ್ಲಿರೋ ಸುಣ್ಣದ ಕಣ ಮಧ್ಯ ನಿಂತು ಇಬ್ಬರ ಕೈಯನ್ನೂ ಹಿಡಿದು ಗಂಟು ಹಾಕಿರತ್ತೆ. ನೀನು ಉಪ್ಪು ಕಮ್ಮಿ ಮಾಡ್ದೆ. ನಡುವೆ ನೀರು ನುಗ್ಗಿದೆ."

"ರಾಜಿ ಮಾಡಿಸ್ದೋರು ಎದ್ದುಹೋದ ಹಾಗೆ."

ಅವನು ನಕ್ಕುಬಿಟ್ಟ. ಇಬ್ಬರೂ ಗಾಜಿಗೆ ಹಣೆ ತಾಗಿಸಿ ನಿಂತರು. ಮೂರನೆಯದು ಎದ್ದಾಗ ಅವಳ ತೋಳಿನ ಕೂದಲು ನಿಮಿರಿತು. ನೆಲದಡಿ ಲಕ್ಷಾಂತರ ವರ್ಷ ಕಲ್ಲನ್ನು ಬಿಡದೆ ಕೂರುವಂಥದ್ದು, ಉಪ್ಪು ಸಾಲದ ನೀರಿಗೆ, ತಾನಾಗಿ ಬಿಡುತ್ತಿತ್ತು.

"ಪುಸ್ತಕದಲ್ಲಿ ಬರಿ," ಎಂದ ಅವನು, ಕಣ್ಣು ತೆಗೆಯದೆ. "ಮುಖ್ಯಸ್ಥರ ಸೂಚನೆಯಂತೆ ಹತ್ತು ಪಾಲು ನೀರು ಬೆರೆಸಲಾಯಿತು, ಅಂತ."

"ನೀವು ಸೂಚನೆ ಕೊಟ್ಟಿರ್ಲಿಲ್ಲ. ಬೈದಿದ್ರಿ."

"ಒಂದಕ್ಕೆ ಹತ್ತು ಅಂತ ನಾನೇ ಬರೆದಿಲ್ವಾ? ಬರಿಯಮ್ಮ. ಈ ಮೇಜು ನಿನಗೇ ಇರ್ಲಿ."

ಅವಳು ಪುಸ್ತಕ ಎಳೆದುಕೊಂಡು ತಾನು ಬೆರೆಸಿದ ಅಳತೆ ಬರೆದಳು, ಯಾಕೆ ಹಾಗೆ ಬೆರೆಸಿದೆ ಎಂದೂ ಬರೆದಳು. ಕೆಳಗೆ ತನ್ನ ಸಹಿ ಹಾಕಿದಳು. ಹನ್ನೊಂದು ವರ್ಷ ತೊಟ್ಟಿದ್ದ ಕೋಟು ಕಳಚಿ ಮೊಳೆಗೆ ತೂಗುಹಾಕಿ, ತನ್ನ ಬೀಗದ ಕೈ ಪುಸ್ತಕದ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

"ಎಷ್ಟನೇದು ಇದು, ಆರಾ ಏಳಾ?" ಅವನು ತಿರುಗದೆ ಕೇಳಿದ.

ಗಾಜಿನೊಳಗೆ ಇನ್ನೊಂದು ಮಣಿ ಕುತ್ತಿಗೆ ಸಣ್ಣಗೆ ಮಾಡಿಕೊಳ್ಳುತ್ತಿತ್ತು.