ಮಹಾನಂದರ ಕರಕರ

೧
ಎಲ್ಲಿಂದ ಶುರು ಮಾಡಲಿ? ಚಾಮರಾಜಪೇಟೆಯಿಂದ ಅಂದರೆ ನೀವು ದೋಸೆ ಬರುತ್ತದೆಂದು ಕಾಯುತ್ತೀರಿ. ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಅದು ಫಝ್ ಪೆಡಲ್. ಕಾಲಲ್ಲಿ ಒತ್ತಿದರೆ ಎಲೆಕ್ಟ್ರಿಕ್ ಗಿಟಾರಿನ ನುಣುಪು ಸ್ವರ ಬೇಕಂತಲೇ ಒರಟಾಗಿ ಕರಕರ ಎನ್ನುತ್ತದೆ. ಒಂದು ಕಾಲದಲ್ಲಿ ಮಹಾನಂದ ಎಂಬಾಕೆ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಇದನ್ನು ತುಳಿದು ನುಡಿಸುತ್ತಿದ್ದರು. ಡಬ್ಬಿ ಕೆಟ್ಟು ನಲವತ್ತು ವರ್ಷವಾಯಿತು. ಈಗ ಅವರಿಗೆ ಅರವತ್ತೊಂಬತ್ತು. ಆ ಸದ್ದನ್ನು ಇನ್ನೊಂದು ಸಲ ಕೇಳಬೇಕು, ಅಷ್ಟೇ ಆಸೆ.

(ಹರಿದುಹಾಕಿದ ಡ್ರಾಫ್ಟಿನಲ್ಲಿ ಅವರು ಇದನ್ನು ಹೇಳುತ್ತಾ ಕಣ್ಣೊರೆಸಿಕೊಂಡಿದ್ದರು. ತಾನು ಅಳುವವಳಲ್ಲ, ತೆಗೆಯಿರಿ ಅದನ್ನು ಅಂದರು. ತೆಗೆದೆ.)

೨
ಡಬ್ಬಿ ರೇಡಿಯೋ ರಿಪೇರಿಯ ನಾಗಭೂಷಣ್ ಕೈಗೆ ಹೋಯಿತು. ಐವತ್ತು ವರ್ಷ ಪೇಟೆಯ ರೇಡಿಯೋಗಳಿಂದ ಕರಕರ ಓಡಿಸಿಯೇ ಅನ್ನ ತಿಂದ ಮನುಷ್ಯ. ಎರಡು ವಾರ ಕೂತು, ಡಬ್ಬಿಯೊಳಗಿನ ಹಳೇ ಟ್ರಾನ್ಸಿಸ್ಟರುಗಳನ್ನು ಕಿತ್ತು, ಹೊಸವು ಹಾಕಿ, ಅಂಗಡಿಯಲ್ಲೇ ಗಿಟಾರಿಗೆ ಜೋಡಿಸಿಕೊಟ್ಟರು.

"ಕರಕರ ಪೂರ್ತಿ ಹೋಯ್ತು ನೋಡಿ ಅಮ್ಮಾ. ಹಾಲಿನ್ ಥರ ಇದೆ ಸೌಂಡು."

ಹೌದು, ಹಾಲಿನ ಥರವೇ ಇತ್ತು. ಮಹಾನಂದರ ಮುಖ ಸಣ್ಣದಾಯಿತು.

"ಆ ಕರಕರಾನೇ ನಂದು, ಭೂಷಣ್ ಅವ್ರೇ."

೩
ಇಲ್ಲೇ ಮುಗಿಸಬಹುದಿತ್ತು. ಹೋದದ್ದು ಬಾರದು ಎಂಬ ಧಾಟಿಗೆ ವಿಮರ್ಶಕರು ತಲೆದೂಗುತ್ತಾರೆ. ನಾಗಭೂಷಣ್ ಒಪ್ಪಲಿಲ್ಲ, ನನ್ನ ಮೇಲೇ ರೇಗಿದರು. ಇವರನ್ನು ಹೀಗೆ ಕಳಿಸಿಬಿಟ್ಟು ನಾಳೆ ಯಾವ ಮುಖ ಇಟ್ಟುಕೊಂಡು ಅಂಗಡಿ ತೆಗೆಯಲಿ ಅಂದರು. ಆಮೇಲೆ ಮಹಾನಂದರ ಕೈಚೀಲದತ್ತ ಬೆರಳು ಮಾಡಿದರು.

(ಕಿತ್ತ ಪಾರ್ಟುಗಳನ್ನು ಪೊಟ್ಟಣ ಕಟ್ಟಿ ಗಿರಾಕಿಗೇ ವಾಪಸ್ ಕೊಡುವುದು ಅವರ ಅಂಗಡಿಯ ಪದ್ಧತಿ, ಮೋಸ ಮಾಡಿಲ್ಲ ಅನ್ನುವುದಕ್ಕೆ. ಇದನ್ನು ನಾನು ಎರಡನೇ ಭಾಗದಲ್ಲೇ ಹೇಳಬೇಕಿತ್ತು, ಮರೆತೆ. ನೀವೇ ಸೇರಿಸಿಕೊಳ್ಳಿ.)

ಪೊಟ್ಟಣ ಬಿಚ್ಚಿದರು. ಹಳೇ ಟ್ರಾನ್ಸಿಸ್ಟರುಗಳು ಕೆಟ್ಟೇ ಇರಲಿಲ್ಲ. ಸ್ವಿಚ್ಚಿನ ತಂತಿಯೊಂದು ಬಿಟ್ಟುಕೊಂಡು, ಒತ್ತಿದರೂ ಸ್ವರ ಅವುಗಳತ್ತ ಹೋಗದೆ ನೇರ ಹೊರಬರುತ್ತಿತ್ತು, ಅಷ್ಟೇ. ಎಲ್ಲವನ್ನೂ ಮೊದಲಿನಂತೆ ಕೂಡಿಸಿ, ತಂತಿಗೆ ಬೆಸುಗೆ ಹಾಕಿದರು. ಮಹಾನಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒತ್ತಿದರು. ಎದುರುಮನೆಯವರು ತಮ್ಮ ಗ್ರೈಂಡರ್ ಕೆಟ್ಟಿತೆಂದು ಒಳಗೋಡಿದರು. ನನಗೆ ಬಹಳ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

೫ (ನಾಲ್ಕು ಚೆನ್ನಾಗಿರಲಿಲ್ಲ)
ಅಂತ್ಯ ಅ: ಮಹಾನಂದ ಈ ವರ್ಷ ಗಣೇಶನ ಪೆಂಡಾಲಿನಲ್ಲಿ ನುಡಿಸುತ್ತಾರೆ. ಅಂತ್ಯ ಆ: ಡಬ್ಬಿ ಮತ್ತೆ ಕೆಡುತ್ತದೆ. ಯಾವುದಿರಲಿ ಎಂದು ಅವರನ್ನೇ ಕೇಳಿದೆ.

"ಸುಮ್ನಿರಿ, ಇನ್ನೂ ನುಡಿಸ್ತಿದೀನಿ."

ಸರಿ, ಕೊನೆಯ ಚುಕ್ಕಿಯಾದರೂ ಇಡೋಣವೆಂದು ಪೆನ್ನು ಎತ್ತಿದೆ. ಅಷ್ಟರಲ್ಲಿ ನಾಗಭೂಷಣ್ ಅಂಗಡಿಯ ರೇಡಿಯೋಗಳನ್ನೆಲ್ಲ ಆಫ್ ಮಾಡಿ, ಸ್ಟೂಲು ಹತ್ತಿರ ಎಳೆದುಕೊಂಡು ಕೂತರು.

"ಕರಕರ ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಅಮ್ಮಾ," ಅಂದರು