ಬಾಗಿಲ ಸಂದಿನ ಚೀಟಿ

ಸುಮ್ಮನೆ ನೋಡಿ ಬರೋಣ ಎಂದು ಕರೆತಂದ ಗಂಡ ರಾಯ್ಸ್ ಆಗಲೇ ಕೈಕುಲುಕಿ ವ್ಯಾಪಾರ ಮುಗಿಸಿದ್ದಾನೆಂದು ವರ್ನಾಗೆ ತಿಳಿದದ್ದು, ಗಾಡಿಯ ಹಿಂದೆ ಕಟ್ಟಿ ಎಳೆಯುವ, ಮನೆಯಂಥ ಮೂವತ್ತಡಿ ಉದ್ದದ ಆ ಕ್ಯಾಂಪಿಂಗ್ ಟ್ರೇಲರಿನ ಮುಂದೆ ನಿಂತಾಗ.

"ಸಾರ್ ಅವರ ಪಿಕಪ್ಪು ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ ಮೇಡಂ. ಇದು ಬರೀ ಏಳು ಸಾವಿರ, ಹೂ ಎತ್ತಿದ ಹಾಗೆ," ಎಂದ ಅಂಗಡಿಯ ಬ್ರೆಂಟ್. "ನೀವು ಒಳಗೆ ಹೋಗಿ ಅಡುಗೆಮನೆ ನೋಡಿ."

ವರ್ನಾಗೆ ಮೈಯೆಲ್ಲ ಉರಿಯಿತು. ವಯೋಮಿಂಗಿನ ಘಟ್ಟಗಳಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ಅವಳು.

"ಏಳು ಸಾವಿರ ಖಾಲಿಯೋ, ತುಂಬಿದ್ದೋ?"

ಬ್ರೆಂಟ್ ರಾಯ್ಸನ ಮುಖ ನೋಡಿದ.

"ಅವನ್ನ ಯಾಕೆ ನೋಡ್ತೀಯ? ಕೇಳಿದ್ದು ನಾನು."

"ಖಾಲಿ..."

"ನೀರು, ಗ್ಯಾಸು, ಪಾತ್ರೆಪಗಡಿ ಸೇರಿದ್ರೆ ಎಂಟೂವರೆ. ಅದರಲ್ಲಿ ಸಾವಿರ ಪೌಂಡು ನಮ್ಮ ಗಾಡಿ ಬೆನ್ನ ಮೇಲೇ ಕೂರುತ್ತೆ." ವರ್ನಾ ಪಿಕಪ್ಪಿನ ಬಾಗಿಲನ್ನು ರಪ್ಪನೆ ತೆರೆದು, ಸಂದಿನಲ್ಲಿ ಕಂಪನಿಯವರು ಅಂಟಿಸಿದ್ದ ತೂಕದ ಚೀಟಿಗೆ ಬೆರಳಿಟ್ಟಳು. "ಓದು ರಾಯ್ಸ್. ಜನ, ಸಾಮಾನು ಎಲ್ಲ ಸೇರಿ ಈ ಗಾಡಿ ಹೊರೋದು ಸಾವಿರದ ನಾನೂರೇ. ಟ್ರೇಲರಿನ ಸಾವಿರ ಕಳೆದ್ರೆ ಉಳಿಯೋದು ನಾನೂರು. ನೀನು, ನಾನು, ಎರಡು ನಾಯಿ, ನಿನ್ನ ರಿಪೇರಿ ಸಾಮಾನಿನ ಕಬ್ಬಿಣದ ಪೆಟ್ಟಿಗೆ. ನಮ್ಮನ್ನ ಮನೇಲಿ ಬಿಟ್ಟು ಹೋಗ್ತೀಯಾ?"

"ಎಲ್ಲರೂ ಎಳೀತಾರೆ ಮೇಡಂ," ಎಂದು ಬ್ರೆಂಟ್ ನಕ್ಕ.

"ಎಳೆಯೋದು ದೊಡ್ಡದಲ್ಲ ಕಣಯ್ಯ, ಇಳಿಜಾರಲ್ಲಿ ನಿಲ್ಲಿಸೋದು! ಹೀಗೇ ಒಬ್ಬ ನನ್ನ ಬಸ್ಸಿನ ಎದುರು ಮಗುಚಿಕೊಂಡ. ಹಿಂದಿನ ಟ್ರೇಲರು ನಾಯಿ ಬಾಲದ ಹಾಗೆ ಅಲ್ಲಾಡಿ ಪಿಕಪ್ಪನ್ನೇ ಎತ್ತಿ ಹಾಕ್ತು. ಅವನ ಹೆಂಡತಿ ಕೈ ಹಿಡ್ಕೊಂಡು ಕೂತಿದ್ದೆ ನಾನು, ಆಂಬುಲೆನ್ಸ್ ಬರೋವರೆಗೆ. ಅದು ಬರೋ ಹೊತ್ತಿಗೆ ಆ ಕೈ ತಣ್ಣಗಾಗಿತ್ತು."

ನಗು ನಿಂತಿತು. ರಾಯ್ಸ್ ಟೋಪಿ ತೆಗೆದು ಕೈಯಲ್ಲಿ ಹಿಸುಕಿದ. "ಇದನ್ನ ನನಗೆ ಯಾವತ್ತೂ ಹೇಳಲಿಲ್ವಲ್ಲೇ."

"ನೀನು ಯಾವತ್ತು ಏನು ಕೇಳಿದ್ದೀಯ? ಇದನ್ನ ಕೊಳ್ಳೋ ಮುಂಚೆಯಾದ್ರೂ ಕೇಳಿದ್ಯಾ?"

ವ್ಯಾಪಾರ ಬೇಡವೆಂದು ಬ್ರೆಂಟನಿಗೆ ರಾಯ್ಸನೇ ಹೇಳಿದ. "ಚಿಕ್ಕದು ತೋರಿಸ್ಲಾ?" ಎಂದು ಬ್ರೆಂಟ್ ಹಿಂದೆ ಬಂದರೆ ವರ್ನಾ ತಿರುಗಿ ನಿಂತಳು: "ನಿನ್ನ ಹತ್ರ ಡೇರೆಯ ಗೂಟಾನೂ ಕೊಳ್ಳಲ್ಲ."

ಮೂರನೆಯ ದಿನ ರಾಯ್ಸ್ ಪಕ್ಕದೂರಿನ ಮುದುಕಿಯೊಬ್ಬಳ ಹದಿನಾರಡಿಯ ಹಳೇ ಟ್ರೇಲರಿನ ಸುದ್ದಿ ತಂದ. "ಬಂದು ನೋಡ್ತೀಯಾ? ನೀನು ಹೂಂ ಅಂದ್ರೆ ಮಾತ್ರ."

ವರ್ನಾ ನೋಡಿದಳು, ಟೈರುಗಳ ವಯಸ್ಸು ಕೇಳಿದಳು, ಲಾರಿ ತೂಗುವ ಕಟ್ಟೆಗೆ ಎಳೆಸಿ ತೂಗಿಸಿದಳು, ಆಮೇಲೆ ಹೂಂ ಎಂದಳು. ಮೊದಲ ಪ್ರವಾಸಕ್ಕೆ ಹೊರಟಾಗ ಸ್ಟಿಯರಿಂಗು ಅವಳ ಕೈಯಲ್ಲಿತ್ತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.